ಕಮಲತ್ತಿಯ ಸಿಟ್ಟು

ಯಾರಿಗಾದರೂ ಬೈಯದೆ ಕಮಲತ್ತಿಗೆ ಬೆಳಗಾಗುತ್ತಿರಲಿಲ್ಲ. ಅಪ್ಪನ ಅಕ್ಕ ಅವಳು. ಗಂಡ ತೀರಿದ ಮೇಲೆ ಚಿಂಚವಾಡದ ಕಾರ್ಮಿಕರ ಕಾಲನಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರಿ ಬದುಕಿದವಳು. ಹಿಟ್ಟು ತರಿತರಿಯಾಗಿದ್ದರೆ ಗಿರಣಿಯವನನ್ನು ಮರಾಠಿಯಲ್ಲಿ ಬೈಯುವಳು. ಅದು ಸಾಲದಾದಾಗ ಕನ್ನಡಕ್ಕೆ ಇಳಿಯುವಳು. "ಹೊಟ್ಯಾಗ ಇಟ್ಕೊಂಡ್ರ ಕೊಳೀತದ, ಅಂದು ಬಿಡಬೇಕವ್ವಾ" ಎನ್ನುತ್ತಿದ್ದಳು. ಮಧ್ಯಾಹ್ನ ಅದೇ ಗಿರಣಿಯವನಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಳಿಸುವವಳೂ ಅವಳೇ.

ಅಂಥವಳಿಗೆ ರಕ್ತದ ಕ್ಯಾನ್ಸರ್ ಬಂತು, ಅದೂ ನೋಡನೋಡುತ್ತ ಏರುವಂಥದು. ಮೊದಲ ಸುತ್ತಿನ ಕೀಮೋ ನಾಟಲಿಲ್ಲ. ಡಾಕ್ಟರು ಅವಳ ಮೈದುನ ಶಂಕರಕಾಕಾನನ್ನೂ ನನ್ನನ್ನೂ ಹೊರಗೆ ಕರೆದು ಬಿಡಿಸಿ ಹೇಳಿದರು: ರೋಗದ ಕಣಗಳಲ್ಲಿ ಒಂದು ಪ್ರೋಟೀನು ವಿಪರೀತವಾಗಿದೆ, ಒಳಗೆ ಹೋದ ಔಷಧವನ್ನು ಅದು ಹೊರಗೆ ದಬ್ಬುತ್ತದೆ, ಇನ್ನೊಂದು ಸುತ್ತು ಕೊಟ್ಟರೂ ಆಸೆ ಕಡಿಮೆ.

ಕಾಕಾ ಒಳಗೆ ಹೋಗಿ ಹೇಳಿದ್ದೇನು? "ವೈನಿ, ನಿಮ್ಮ ಸಿಟ್ಟಿಗೆ ಔಷಧ ಮೈಗೆ ಹತ್ತವಲ್ದು. ಶಾಂತ ಇರ್ರಿ." ಕೈಗೊಂದು ಜಪಮಾಲೆಯನ್ನೂ ತುರುಕಿದ. ನೋಡಲು ಬಂದ ಬಳಗವೆಲ್ಲ ಅದನ್ನೇ ಹಾಡಿತು. ರೋಗಿಗೆ ನಿಜ ಹೇಳಬಾರದಂತೆ, ತಪ್ಪು ಮಾತ್ರ ಹೊರಿಸಬಹುದಂತೆ! ಎಂಥ ಜನವಪ್ಪಾ ಇವರು!

ಅತ್ತಿ ನಂಬಿದಳು. ಉಪ್ಪಿಲ್ಲದ ಗಂಜಿ ಕೊಟ್ಟರೂ ಬೈಯಲಿಲ್ಲ. ಸೂಜಿ ತಪ್ಪಿ ಕೈ ಬಾತುಕೊಂಡಾಗಲೂ ಸುಮ್ಮನೆ ಮಣಿ ಎಣಿಸಿದಳು. ಕೊನೆಗೆ ಒಂದು ದಿನ ನಾನೇ ಅವಳಿಗೆ ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿಬಿಟ್ಟೆ.

"ಅಂದ್ರ, ನನ್ನ ಸಿಟ್ಟಿನಿಂದ ಅಲ್ಲ?"

"ಅಲ್ಲತ್ತಿ. ನೀ ಕಲ್ಲಿನಂಗ ಕೂತ್ರೂ ಆ ಪ್ರೋಟೀನು ಔಷಧ ನಿಲ್ಲಗೊಡಂಗಿಲ್ಲ."

ಅವಳು ಗೋಡೆಯ ಕಡೆ ಹೊರಳಿ ಬಹಳ ಹೊತ್ತು ಅತ್ತಳು. ಸಂಜೆ ಕಾಕಾ ಬಂದ.

"ಏ ಶಂಕ್ರಾ! ಸಾಯೋ ಹೆಂಗಸಿನ ಬಾಯಿ ಕಟ್ಟಾಕ ನಿನಗ ಯಾರು ಹೇಳಿದ್ರೋ ಭಾಡ್ಯಾ? ನನ್ನ ತಪ್ಪು ಅಂತ ಇಷ್ಟು ದಿನ ನಾನ ಕೊರಗಿದೆ. ಇನ್ನೊಂದು ಸುತ್ತು ಬ್ಯಾಡ. ಮನಿಗೆ ಕರ್ಕೊಂಡು ನಡಿ!"

ವಾರ್ಡಿಗೆ ವಾರ್ಡೇ ಎದ್ದು ಕೂತಿತು. ನರ್ಸು ಓಡಿ ಬಂದಳು. ಮರುದಿನ ಮನೆಗೆ ಕರೆತಂದೆವು. ಸ್ವಲ್ಪ ದಿನಕ್ಕೆ ಅಲ್ಲೇ, ತನ್ನ ಹಾಸಿಗೆಯಲ್ಲಿ ತೀರಿಕೊಂಡಳು.

ತಿಥಿಯೂಟಕ್ಕೆ ಬಂದವರಿಗೆಲ್ಲ ಕಾಕಾ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದ: "ವೈನಿ ಭಾಳ ಶಾಂತ ಹೋದ್ರು ನೋಡ್ರಿ."

ನಾನು ಎಲೆ ಬಿಟ್ಟು ಎದ್ದು ನಿಂತೆ.

"ಸುಳ್ಳು, ಕಾಕಾ. ಬೈಕೋತ ಹೋದಳು. ನಿಮ್ಮನ್ನ ಬೈಕೋತ ಹೋದಳು."