ಎಣ್ಣೆ ತಲೆಯವರಿಗೆ ಹೆಡ್‌ಫೋನ್ ಇಲ್ಲ

ಶನಿವಾರ. ಯಶವಂತನಗರದ ಗಣಿ ರಸ್ತೆಗೆ ಇನ್ನೂ ಪೂರ್ತಿ ಬೆಳಕು ಬಿದ್ದಿಲ್ಲ. ಮೊದಲ ಅದಿರು ಲಾರಿ ಹೊರಡುವ ಮುಂಚೆ ಜಡೆಪ್ಪನವರ ನೀರಿನ ಟ್ಯಾಂಕರ್ ಆ ದಾರಿಯಲ್ಲಿ ಒಮ್ಮೆ ಹೋಗಿ ಬರಬೇಕು. ಹಿಂಬದಿಯ ಕೊಳವೆಯಿಂದ ನೀರು ಬೀಸಣಿಗೆಯಂತೆ ಹರಡುತ್ತದೆ, ಕೆಂಪು ಧೂಳು ತೊಯ್ದು ನೆಲಕ್ಕೆ ಅಂಟಿಕೊಳ್ಳುತ್ತದೆ. ಬಿಸಿಲೇರಿದಂತೆ ಧೂಳು ಮತ್ತೆ ಏಳುತ್ತದೆ, ಜಡೆಪ್ಪ ಮತ್ತೆ ಹೊರಡುತ್ತಾರೆ. ದಿನಕ್ಕೆ ಎಂಟು ಸುತ್ತು, ಬೇಸಿಗೆಯಲ್ಲಿ ಹತ್ತು.

“ಧೂಳು ಎದ್ರ ಎಲ್ಲಾರೂ ಬೈತಾರ್ರಿ. ಏಳ್ಲಿಲ್ಲಂದ್ರ ನನ್ನ ನೆನಪು ಯಾರಿಗೂ ಬರಲ್ಲ” ಎಂದು ನಗುತ್ತಾರೆ. ಕಿವಿಯಲ್ಲಿ ಕಂಪನಿ ಕೊಟ್ಟ ಹಳದಿ ಸ್ಪಂಜಿನ ಬಿರಡೆ. ಬೇರೆ ಚಾಲಕರ ಬಿರಡೆಗಳು ಜೇಬಿನಲ್ಲೇ ಇರುತ್ತವೆ. ಜಡೆಪ್ಪ ಮಾತ್ರ ಪಾಳಿ ಮುಗಿಯುವವರೆಗೆ ತೆಗೆಯುವುದಿಲ್ಲ. “ಐತ್ವಾರಕ್ಕ ಕಿವಿ ಬೇಕಲ್ರಿ!”

ಐತವಾರ, ಎಂದರೆ ಭಾನುವಾರ, ಬಂಡ್ರಿ ಊರಿನ ಅವರ ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ತೆರೆಯುತ್ತದೆ. ಚಕ್ಕುಲಿ ತುಂಬಿಡಲೆಂದು ಕೊಂಡದ್ದು. ಈಗ ಅದರೊಳಗೆ ಪಂಚೆಯ ತುಂಡಿನಲ್ಲಿ ಸುತ್ತಿದ ಹೆಡ್‌ಫೋನ್ ಇದೆ, ಸುತ್ತಲೂ ಚಪ್ಪಲಿ ಅಂಗಡಿಗಳಲ್ಲಿ ಕೇಳಿ ತಂದ, ತೇವ ಹೀರುವ ಪುಟ್ಟ ಪೊಟ್ಟಣಗಳು. ಧ್ವನಿಯ ಹುಚ್ಚಿರುವ ಉಳ್ಳವರ ಮನೆಗಳಲ್ಲಿ ಕಾಣಸಿಗುವ ಹೆಡ್‌ಫೋನ್ ಅದು. ಬೆಲೆ ಕೇಳಿದರೆ ಜಡೆಪ್ಪ ಅಂಗಳದ ಸೈಕಲ್ ತೋರಿಸುತ್ತಾರೆ. “ಬೈಕ್ ತಗಳ್ಳಾಕ ಇಟ್ಟಿದ್ದ ರೊಕ್ಕರಿ.” ಒಳಗಿನಿಂದ ಹೆಂಡತಿ ತುಳಸಿಯ ದನಿ: “ಬೈಕ್ ಆಗಿದ್ರ ಹಿಂದ ನಾನೂ ಕುಂದ್ರತಿದ್ನಿ. ಇದರ ಹಿಂದ ಎಲ್ಲಿ ಕುಂದ್ರಲಿ?”

ಈ ಹುಚ್ಚು ಹತ್ತಿದ್ದು ನಾಲ್ಕು ವರ್ಷದ ಹಿಂದೆ, ಕಡ್ಡಿರಾಂಪುರದಲ್ಲಿ. ಅಲ್ಲಿ ಹೋಂಸ್ಟೇ ನಡೆಸುವ ಹಂಪೇಶ್ ಅವರ ಮನೆಯ ಮದುವೆಗೆ ಜಡೆಪ್ಪನವರ ತಾಯಿ ಎರ್ರಮ್ಮ ಮತ್ತು ಪಕ್ಕದ ಮನೆಯ ದುರ್ಗಕ್ಕ ಸೋಬಾನೆ ಹಾಡಲು ಹೋಗಿದ್ದರು. ಸಂಡೂರಿನಿಂದ ಕಂಪ್ಲಿಯವರೆಗೂ ಕರೆ ಬರುವ ಜೋಡಿ ಇದು. ಹೋಂಸ್ಟೇಯಲ್ಲಿ ತಂಗಿದ್ದ ಧ್ವನಿಮುದ್ರಕರೊಬ್ಬರು ಹಾಡನ್ನು ಮುದ್ರಿಸಿಕೊಂಡು, ತಾಯಿಯನ್ನು ಕರೆದೊಯ್ಯಲು ಬಂದ ಜಡೆಪ್ಪನವರ ಕಿವಿಗೆ ತಮ್ಮ ಹೆಡ್‌ಫೋನ್ ತೊಡಿಸಿದರು. “ಹಾಡಿನ ನಡುವ ಅವ್ವ ಉಸುರು ತಗಂಡಿದ್ದು ಕೇಳ್ತು ನೋಡ್ರಿ. ಮನ್ಯಾಗ ದಿನಾ ಇರೋ ಉಸುರು. ಕೇಳಿದ್ದು ಅವತ್ತೇ.” ಮುಂದೆ ಎರಡು ದೀಪಾವಳಿಯ ಬೋನಸ್ಸನ್ನೂ ಬೈಕಿನ ಹಣಕ್ಕೆ ಕೂಡಿಸಿದರು. ಹೊಸಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯ ಲಿಂಗರಾಜ್ ಅಂಥದ್ದೇ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತರಿಸಿಕೊಟ್ಟರು.

ಕೊಳ್ಳುವುದಕ್ಕಿಂತ ಕಾಪಾಡುವುದು ಕಷ್ಟ. ಹೆಡ್‌ಫೋನಿನೊಳಗೆ ಬಲವಾದ ಅಯಸ್ಕಾಂತವಿದೆ, ಊರಿನ ಧೂಳಿನಲ್ಲಿ ಕಬ್ಬಿಣವಿದೆ. ಅದಿರಿನ ಧೂಳೆಲ್ಲ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಜ. ಆದರೆ ಅಂಟುವ ಒಂದೇ ಕಣ ಒಳಗಿನ ತೆಳು ಪರದೆಗೆ ತಾಗಿದರೂ ದನಿ ಗರಗರ ಎನ್ನುತ್ತದೆ. ಅದಕ್ಕೇ ಸ್ನಾನವಾಗದೆ ಜಡೆಪ್ಪ ಡಬ್ಬಿ ಮುಟ್ಟುವುದಿಲ್ಲ. ಕೇಳಲು ಬರುವ ನೆರೆಹೊರೆಯವರಿಗೂ ಒಂದು ಕಟ್ಟಳೆ ಇದೆ: ಎಣ್ಣೆ ತಲೆಯಲ್ಲಿ ಬರುವಂತಿಲ್ಲ. ಎಣ್ಣೆ ಜಿಡ್ಡಿಗೆ ಕಿವಿಯ ಮೆತ್ತೆ ಬಿರಿಯುತ್ತದೆ. ಹೀಗಾಗಿ ಈ ಓಣಿಯಲ್ಲಿ ಐತವಾರ ತಲೆಸ್ನಾನ ಮಾಡಿದವರು ಕಂಡರೆ, ಹಾಡು ಕೇಳಲು ಹೊರಟರೆಂದೇ ಅರ್ಥ. ಒಬ್ಬೊಬ್ಬರಿಗೂ ಮೆತ್ತೆಯ ಮೇಲೆ ಬೇರೆ ಗವಸು, ಎಲ್ಲವೂ ತುಳಸಿ ಹಳೆ ಪಂಚೆಯಲ್ಲಿ ಹೊಲಿದವು.

ಈ ವಾರದ ಸರದಿ ಎರ್ರಮ್ಮ, ದುರ್ಗಕ್ಕ ಅವರದು. ಕಡ್ಡಿರಾಂಪುರದ ಆ ಮುದ್ರಣ ಹಂಪೇಶ್ ಮೂಲಕ ಈಗಷ್ಟೇ ಕೈಸೇರಿದೆ. ಇಬ್ಬರ ನಡುವೆ ಹಳೆಯದೊಂದು ತಕರಾರಿದೆ. ಎರ್ರಮ್ಮ ಎತ್ತಿಕೊಟ್ಟ ಸಾಲನ್ನು ದುರ್ಗಕ್ಕ ಹಿಂದೆ ಹಾಡುತ್ತಾರೆ, ಹೋಗುತ್ತ ಹೋಗುತ್ತ ಹಾಡು ಜಗ್ಗಿ ನಿಧಾನವಾಗುತ್ತದೆ. ಜಗ್ಗುವವರು ಯಾರು? ಮೊಬೈಲ್ ಸ್ಪೀಕರಿನಲ್ಲಿ ಎರಡೂ ದನಿ ಕಲಸಿಹೋಗಿ ಜಗಳ ಇನ್ನೂ ಜೋರಾಗಿದೆ. ಹೆಡ್‌ಫೋನಿನಲ್ಲಾದರೆ ಎರ್ರಮ್ಮ ಬಲಗಿವಿಗೆ, ದುರ್ಗಕ್ಕ ಎಡಗಿವಿಗೆ ಕೇಳಬೇಕು. ಜಡೆಪ್ಪ ಅಂದು ಕೇಳಿದ್ದು ಒಂದು ತುಣುಕಷ್ಟೇ, ಈಗ ಬೇಕೆಂದೇ ತಾವು ಮೊದಲು ಕೇಳಿಲ್ಲ. “ನಾ ತೀರ್ಪು ಕೊಟ್ರ ಒಂದ್ ಮನ್ಯಾಗ ಊಟ ಬಂದ್ ಆಕ್ಕತಿ.”

ಆದರೆ ಗುರುವಾರವೇ ಎಡವಟ್ಟಾಗಿತ್ತು. ಸಡಿಲವಾಗಿದ್ದ ವೈರಿಗೆ ಬೆಸುಗೆ ಹಾಕಿಸಲು ಜಡೆಪ್ಪ ಗಣಿಯ ವರ್ಕ್‌ಶಾಪ್ ಮೆಕ್ಯಾನಿಕ್ ಮುರುಗೇಶ್ ಕೈಗೆ ಹೆಡ್‌ಫೋನ್ ಕೊಟ್ಟಿದ್ದರು. ಬೆಸುಗೆ ಚೊಕ್ಕವಾಗಿಯೇ ಬಿತ್ತು. ಆಮೇಲೆ ಮುರುಗೇಶ್, ಲಾರಿಯ ಏರ್ ಫಿಲ್ಟರಿಗೆ ಹೊಡೆಯುವ ಹಾಗೆ, ಗಾಳಿಪೈಪು ಹಿಡಿದು ಹೆಡ್‌ಫೋನನ್ನೂ ‘ಕ್ಲೀನ್’ ಮಾಡಿದರು. ಗಾಳಿಯ ಜೊತೆ ವರ್ಕ್‌ಶಾಪಿನ ಧೂಳೂ ಒಳಹೊಕ್ಕು ಬಲಗಡೆ ಗರಗರ ಶುರುವಾಯಿತು. “ಫ್ರೀ ಸರ್ವಿಸ್ ಅಂತ ಮಾಡಿದ್ನಲೇ!” ಎಂದು ಮುರುಗೇಶ್ ಹಣೆ ಬಡಿದುಕೊಂಡರು. ಲಿಂಗರಾಜ್ ಬಿಚ್ಚಲು ಒಪ್ಪಲಿಲ್ಲ: “ಅದರ ಒಂದ್ ಸ್ಕ್ರೂ ಕಳದ್ರ ಎಲ್ಲಿಂದ ತರ್ಲಿರಿ?”

ಐತವಾರ ಬೆಳಿಗ್ಗೆ, ತೊಳೆದು ಒರೆಸಿದ ಪಡಸಾಲೆಯಲ್ಲಿ, ಫ್ಯಾನ್ ನಿಲ್ಲಿಸಿ, ಜಡೆಪ್ಪ ತಾವೇ ಬಿಚ್ಚುತ್ತಾರೆ. ಮೆತ್ತೆ ಕಳಚಿದರೆ ಜಾಲರಿಯ ಅಂಚಿನಲ್ಲಿ ಕರಿಗೆಂಪು ಕಣಗಳು. ಬ್ರಷ್‌ಗೆ ಕದಲುವುದಿಲ್ಲ. ಹತ್ತಿ ಮುಟ್ಟಿಸಿದರೆ ಎಳೆ ಉಳಿಯುತ್ತದೆ. ಪಕ್ಕದಲ್ಲಿ ಕುಳಿತ ತುಳಸಿ ತಮ್ಮ ಹಣೆಯ ಸ್ಟಿಕರ್ ಬಿಂದಿ ಕಿತ್ತು ಬೆಂಕಿಕಡ್ಡಿಯ ತುದಿಗೆ ಅಂಟಿಸುತ್ತಾರೆ, ಅಂಟು ಹೊರಗೆ ಬರುವಂತೆ. “ಉಸುರು ಬಿಡಬ್ಯಾಡ್ರಿ. ಮೆಲ್ಲಕ ಮುಟ್ಟಿಸಿ ತಗೀರಿ.” ಒಂದು ಕಣ ಬಂತು. ಇನ್ನೊಂದು ಬಂತು. ನಾಲ್ಕನೇ ಬಿಂದಿಯ ಹೊತ್ತಿಗೆ ಜಾಲರಿ ಕಪ್ಪಗೆ ಹೊಳೆಯಿತು. “ಬೈಕ್ ಆಗಿದ್ರ ಬಿಂದಿಲೆ ರಿಪೇರಿ ಆಕ್ಕಿತ್ತೇನು?” ಎಂದು ಗಂಡ ಕೇಳಿದ್ದಕ್ಕೆ ಉತ್ತರ: “ಪಾಕೀಟು ಖಾಲಿ ಆತು, ಹೊಸಾದು ತರ್ರಿ ಮೊದಲ.”

ಎರ್ರಮ್ಮ ಹೆಡ್‌ಫೋನ್ ಏರಿಸಿ ಕೂರುತ್ತಾರೆ. ಹಾಡು ಶುರು. ಪಾದ ತಾಳ ಹಾಕುತ್ತದೆ, ಮುಖ ಅರಳುತ್ತದೆ. “ನನ್ನ ಕೈಬಳಿ ಸಪ್ಳನೂ ಕೇಳ್ತತಲೇ!” ಸ್ವಲ್ಪ ಹೊತ್ತಿಗೆ ಪಾದ ನಿಲ್ಲುತ್ತದೆ. ಅದೇ ಜಾಗ ಮತ್ತೊಮ್ಮೆ ಹಾಕಿಸುತ್ತಾರೆ. ತಮ್ಮ ದನಿ ಬರುವ ಬಲಗಿವಿಯ ಮೇಲೆ ಕೈ ಒತ್ತಿ ಇನ್ನೊಮ್ಮೆ.

ಹೊರಗೆ ಕಟ್ಟೆಯ ಮೇಲೆ ದುರ್ಗಕ್ಕ, ತೊಳೆದ ಕೂದಲು ಬಿಸಿಲಿಗೆ ಹರವಿಕೊಂಡು ಸರದಿಗೆ ಕಾದಿದ್ದಾರೆ. “ಎರ್ರಕ್ಕಾ, ಏನಂತತಿ ಆ ಕಿವಿ ಪೆಟ್ಟಿಗಿ?”

ಎರ್ರಮ್ಮ ಹೆಡ್‌ಫೋನ್ ಮೆಲ್ಲಗೆ ತೆಗೆದು, ಮಗನ ಕಡೆ ಬಾಗಿ, ದನಿ ತಗ್ಗಿಸಿ ಹೇಳುತ್ತಾರೆ: “ಲೇ ಜಡೆಪ್ಪ, ಆಕಿ ತಲಿಗೆ ಎಲ್ಡು ಹನಿ ಎಣ್ಣಿ ಹಚ್ಚಿ ಮನಿಗೆ ಕಳ್ಸಲೇ.”

“ಹಂಗಾರ ರಿಪೇರಿ ಪಾಸಾತು” ಎನ್ನುತ್ತ ಜಡೆಪ್ಪ ಮೆತ್ತೆಗೆ ಹೊಸ ಗವಸು ಏರಿಸಿ ಬಾಗಿಲಿಗೆ ಬರುತ್ತಾರೆ. “ದುರ್ಗಕ್ಕಾ, ಬರ್ರಿ, ಕುಂದ್ರಿ.”