ಕಾಕಾ ಬರೆದ ನನ್ನ ಅಂಗುಳ

ನನಗಾಗ ಏಳು ವರ್ಷ. ಇದು ಎಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಗ ಸಾಹೇಬರ ರಾಜ್ಯ. ಪುಣೆಯಲ್ಲಿ ಇಂಗ್ಲಿಷ್ ನೆಟ್ಟಗೆ ಆಡಿದವನಿಗೆ ಮರ್ಯಾದೆ. ಧಾರವಾಡದಿಂದ ಬಂದ ನಮ್ಮವರು ಬಾಯಿ ತೆರೆದರೆ ಕಚೇರಿಯಲ್ಲಿ ನಗುತ್ತಿದ್ದರಂತೆ. ನಮ್ಮ ಕಾಕಾ, ಅಪ್ಪನ ತಮ್ಮ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಯಾವ ಉಚ್ಚಾರಕ್ಕೆ ನಾಲಿಗೆ ಎಲ್ಲಿ ತಾಗಬೇಕು ಎಂದು ಚಿತ್ರ ಬರೆದು ತೋರಿಸುವ ಪುಸ್ತಕ ಮಾಡಲು ಹೊರಟಿದ್ದ. ಮದುವೆ ಬೇಡ ಅಂದಿದ್ದ, ಅದೊಂದೇ ಹುಚ್ಚು. ಅಷ್ಟರಲ್ಲಿ ಅವನ ಕಿವಿ ಮಂದವಾಗತೊಡಗಿತು.

ಚಿತ್ರಕ್ಕೆ ಬೇಕಾದದ್ದು ನನ್ನ ಬಾಯಿ. ದೊಡ್ಡವರ ನಾಲಿಗೆ ಕೆಟ್ಟಿರುತ್ತದೆ, ಎಳೆಯದು ಬೇಕು ಅನ್ನುತ್ತಿದ್ದ. ಕಿವಿ ಕೇಳುತ್ತಿದ್ದಾಗಲೇ ನನಗೆ ಆ ಶಬ್ದಗಳನ್ನೆಲ್ಲ ಕಲಿಸಿದ್ದ. ಅರ್ಥ ಕಲಿಸಲಿಲ್ಲ, ಅಕ್ಷರವನ್ನೂ ಕಲಿಸಲಿಲ್ಲ. ದಿನಾ ಸಂಜೆ ತೆಂಗಿನ ಚಿಪ್ಪು ಸುಟ್ಟು ಅರೆದ ಪುಡಿಯನ್ನು ನನ್ನ ಅಂಗುಳಕ್ಕೆ ಹಚ್ಚುತ್ತಿದ್ದ. ನಾನು ಒಂದು ಶಬ್ದ ಅನ್ನಬೇಕು. ನಾಲಿಗೆ ತಾಗಿದಲ್ಲಿ ಪುಡಿ ಅಳಿಸುತ್ತಿತ್ತು. ಕಾಕಾ ಸಣ್ಣ ಕನ್ನಡಿ ಹಿಡಿದು ನೋಡಿ ಅದನ್ನೇ ಬರೆದುಕೊಳ್ಳುತ್ತಿದ್ದ. ಆಮೇಲೆ ತಿಂದ ಬೆಣ್ಣೆ-ಭಕ್ಕರಿಗೂ ಸುಟ್ಟ ರುಚಿ.

"ನನ್ನ ಒಲಿ ಸಾಲದಂತ ಹುಡುಗಿ ಬಾಯಾಗೂ ಒಂದು ಒಲಿ ಹೂಡೀರೇನ್ರಿ?" ಅನ್ನುತ್ತಿದ್ದಳು ಅವ್ವ.

ಆ ಚಳಿಗಾಲ ನನ್ನ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಬಿದ್ದವು.

"ಹಲ್ಲ ಹೋದ್ರ ಹೋಗ್ಲಿ, ನಾಲಿಗಿ ಅದ ಅಲಾ," ಅಂದ ಕಾಕಾ. "ಶಬ್ದ ಸರಿ ಬಂದ್ರ ಸಾಕು. ಬಂತೇನು, ಗಂಗೂ?"

ಬಂದಿರಲಿಲ್ಲ. ಸಂದಿಯಿಂದ ಗಾಳಿ ಸುಯ್ಯೆನ್ನುತ್ತಿತ್ತು, ನಾಲಿಗೆ ಆ ಸಂದಿಗೇ ಓಡುತ್ತಿತ್ತು. ನನಗೆ ಕೇಳುತ್ತಿತ್ತು, ಅವನಿಗೆ ಇಲ್ಲ. ಬಂದಿಲ್ಲ ಅಂದರೆ ಬಾಯಿ ತೊಳೆದು ಮತ್ತೆ ಪುಡಿ. ಅಂಗಳದಲ್ಲಿ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರು. "ಬಂತು ಕಾಕಾ" ಅಂದೆ. ಮೂರು ತಿಂಗಳು ಹಾಗೇ ಅಂದೆ.

ಅಷ್ಟರಲ್ಲಿ ಅವನ ಕಿವಿ ಪೂರ್ತಿ ಹೋಯಿತು. ನಮ್ಮ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದ. ಅವನ ವಿದ್ಯೆಯೇ ಅದು.

ಅಚ್ಚಿಗೆ ಕೊಡುವ ಮುಂಚೆ ನೋಡಲೆಂದು, ವಿಲಾಯತಿಗೆ ಹೋಗಿ ಬಂದ ಮರಾಠಿ ಪ್ರೊಫೆಸರರೊಬ್ಬರನ್ನು ಮನೆಗೆ ಕರೆಸಿದ. ತುಟಿ ಕಾಣದಂಥ ಮೀಸೆ ಅವರದು. ಚಿತ್ರ ನೋಡಿದರು, ನನ್ನಿಂದ ನಾಲ್ಕು ಶಬ್ದ ಅನ್ನಿಸಿದರು. ಹಲ್ಲು ಬಿದ್ದ ಹುಡುಗಿಯ ಬಾಯಿ ನಂಬಿ ಬರೆದದ್ದು, ಅರ್ಧಕ್ಕರ್ಧ ತಪ್ಪು ಎಂದು ಮರಾಠಿಯಲ್ಲಿ ಗೊಣಗಿದರು. ಕಾಕಾನ ಮುಖ ನೋಡಿ ಮುಂದೆ ಹೇಳಲಾರದೆ, ಚಹಾ ಕುಡಿದು ಎದ್ದು ಹೋದರು.

"ಏನಂದ್ರು, ಗಂಗೂ?"

"ಭಾಳ ಛಲೋ ಅದ ಅಂದ್ರು."

ಕಾಕಾ ಪೇಢೆ ತಂದ. "ವೈನಿ, ನಾಳೆ ಮಧ್ಯಾಹ್ನ ಅಚ್ಚಿಗೆ ಕೊಟ್ಟು ಬರ್ತೀನ್ರಿ," ಅಂದ ಅವ್ವನಿಗೆ. ಅವನು ಹಾಗೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆ ಪುಸ್ತಕ ಆಗಲೇ ಇಲ್ಲ. ಮತ್ತೆ ಮೊದಲಿನಿಂದ ಬರೆಯಬೇಕೆಂದರೆ ಕೇಳುವ ಕಿವಿ ಅವನಿಗೆ ಉಳಿದಿರಲಿಲ್ಲ. ಶಾಲೆಯವರು ಬಿಡಿಸಿದರು. ಆಮೇಲೆ ಒಂಬತ್ತು ವರ್ಷ ಬದುಕಿದ, ಒಂದು ಹಾಳೆಯನ್ನೂ ಮುಟ್ಟಲಿಲ್ಲ. ಅವನು ಕಲಿಸಿದ ಶಬ್ದಗಳು ಒಂದೊಂದೇ ನನ್ನ ಬಾಯಿಂದಲೂ ಹೋದವು. ಈಗ ಟಿವಿಯಲ್ಲಿ ಯಾರಾದರೂ ಇಂಗ್ಲಿಷ್ ಆಡಿದರೆ ಯಾವುದು ಸರಿ, ಯಾವುದು ತಪ್ಪು, ನನಗೆ ಗೊತ್ತಾಗುವುದಿಲ್ಲ.

ಪೇಢೆ ತಂದ ಮಾರನೆಯ ಬೆಳಿಗ್ಗೆ ಕಾಕಾ ಸ್ನಾನ ಮಾಡಿ ಹಾಳೆಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದ. ನಾನು ಹೋಗಿ ಎದುರಿಗೆ ಕೂತೆ. ಒಳಗೆ ಅವ್ವನಿಗೆ ಕೇಳಬಾರದೆಂದು ದನಿ ತೆಗೆಯಲಿಲ್ಲ. ಬರೀ ತುಟಿ ಆಡಿಸಿ, ಪ್ರೊಫೆಸರರು ಅಂದದ್ದನ್ನು ಹೇಳಿದೆ. ಮೂರು ತಿಂಗಳು ನಾನು ಆಡಿದ ಸುಳ್ಳನ್ನೂ ಹೇಳಿದೆ.

"ಇನ್ನೊಮ್ಮೆ ಅನ್ನು," ಅಂದ ಕಾಕಾ.

ಅಂದೆ.