ಟವೆಲ್ ಹೊದ್ದ ಜೈಲರ್

ಭಾನುವಾರ ಸಂಜೆ ಪಾನಿಪೂರಿ ತಿನ್ನಲು ಹೊರಡುವುದು ಪುಟ್ಟೇನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಸಣ್ಣ ಸಾಹಸವಲ್ಲ. ಕೆಳಗಿನ ಮನೆಯ ಓನರಮ್ಮ ನೈಟಿಯ ಮೇಲೊಂದು ಟವೆಲ್ ಹೊದ್ದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿರುತ್ತಾರೆ. "ಎಲ್ಲಿಗ್ ಒಂಟ್ರಿ? ಯಾವಾಗ್ ಬರ್ತೀರ? ಮನೇಲಿ ಅಡಿಗೆ ಮಾಡ್ಲಿಲ್ವಾ?" ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಹಸಿವೆಯೇ ಸತ್ತಿರುತ್ತದೆ. ಧಾರವಾಡದ ಕಡೆಯವರಾದ ನಮಗೆ ಬಾಯಿಗೇನೂ ಬರವಿಲ್ಲ. ಆದರೆ ಸಂಪಿನ ತುಂಬ ನೀರಿರುವ ಮನೆಯನ್ನು ಕಳೆದುಕೊಳ್ಳಲು ನನಗೆ ಭಯ.

ನನ್ನ ಗಂಡ ಒಂದು ಉಪಾಯ ಹುಡುಕಿದರು. ಟ್ಯಾಂಕ್ ತುಂಬಿ ಚೆಲ್ಲಿದರೆ ನೀರು ತಾರಸಿಯ ಪೈಪಿನಿಂದ ಹಿತ್ತಲಿಗೆ ಸುರಿಯುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಓನರಮ್ಮ ಮೋಟರ್ ಆಫ್ ಮಾಡಲು ಹಿತ್ತಲಿಗೆ ಓಡುತ್ತಾರೆ. ಹಾಗಾಗಿ ಮೋಟರ್ ಶುರುವಾದ ಮೇಲೆ ಇವರು ತಾರಸಿಗೆ ಹತ್ತಿ ಆ ಪೈಪಿಗೆ ಒಂದು ಬಕೆಟ್ ನೀರು ಸುರಿಯುವುದು, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕಾಯುವುದು, ಇಬ್ಬರೂ ಗೇಟು ದಾಟಿ ಓಡುವುದು. ವಾಪಸ್ ಬಂದರೆ ಟ್ಯಾಂಕ್ ಅರ್ಧವೂ ತುಂಬಿರದೆ ನಮ್ಮ ನಲ್ಲಿಯಲ್ಲೇ ನೀರಿಲ್ಲ. ಮಾಡಿದ್ದುಣ್ಣೋ ಮಹಾರಾಯ. ಟ್ಯಾಂಕ್ ಯಾಕೆ ತುಂಬುತ್ತಿಲ್ಲ ಎಂದು ಓನರಮ್ಮ ಪ್ಲಂಬರನ್ನೂ ಕರೆಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇವರಿಗೆ ಇನ್ನೊಂದು ಹುಚ್ಚು. ಚಿಕ್ಕಂದಿನಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಕ್ಯಾಸೆಟ್ ವಿಡಿಯೋ ಗೇಮಿಗೆ ಈಗ ತಾವೇ ಹೊಸ ಆಟ ಮಾಡುವುದು. ಈ ಸಲದ್ದು ಜೈಲಿನಿಂದ ತಪ್ಪಿಸಿಕೊಳ್ಳುವ ಆಟ. ನೋಡಿದರೆ ಜೈಲು ನಮ್ಮ ಮನೆಯೇ, ಜೈಲರ್ ಮೈಮೇಲೆ ನೈಟಿ, ಟವೆಲ್!

"ಆ ಟವೆಲ್ಲರ ತಗೀರಿ" ಎಂದೆ.

"ಟಿವಿ ಮ್ಯಾಲಿನ ಇಷ್ಟ ಚುಕ್ಕಿ ಒಳಗ ಯಾರಿಗೆ ಗುರ್ತ ಹತ್ತತೈತಿ? ಸುಮ್ನಿರು."

ಇಂಥ ಆಟವನ್ನು ಹಳೆಯ ಡಬ್ಬಾ ಟಿವಿಯಲ್ಲೇ ಆಡಿ ನೋಡಬೇಕಂತೆ. ಅಂಥದ್ದು ಇದ್ದದ್ದು ಓನರಮ್ಮನ ಹಾಲಿನಲ್ಲಿ ಮಾತ್ರ. ಇವರು ಶನಿವಾರ ನನಗೆ ಹೇಳದೆ ಹೋಗಿ ಕೇಳಿಯೇಬಿಟ್ಟರು. ಅವರೂ ಒಪ್ಪಿದರು, "ಮೊದ್ಲು ನಾನೇ ಆಡ್ತೀನಿ" ಎಂಬ ಷರತ್ತಿನ ಮೇಲೆ.

ಆವತ್ತೇ ಸಂಜೆ ಅವರ ಹಾಲಿನಲ್ಲಿ ಆಟ ಶುರುವಾಯಿತು. ಓನರಮ್ಮ ಆಡಿಸುತ್ತಿದ್ದ ಕೈದಿ ಗೇಟಿನ ಹತ್ತಿರ ಹೋದಾಗಲೆಲ್ಲ ಜೈಲರ್ ಹಿಡಿದು ಒಳಗೆ ತಳ್ಳುತ್ತಿದ್ದಳು.

"ಇವ್ಳಿಗೆ ಬೇರೆ ಕೆಲ್ಸ ಇಲ್ವಾ?" ಓನರಮ್ಮ ರೇಗಿದರು. "ಯಾರೋ ಒರಗೋದ್ರೆ ಇವ್ಳ ಗಂಟೇನ್ ಓಗುತ್ತೆ?"

ಮೂಲೆಯಲ್ಲಿದ್ದ ಅವರ ಯಜಮಾನರು ಓದುತ್ತಿದ್ದ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ತಂದುಕೊಂಡರು. ನಾನು ನಗು ತಡೆಯಲು ತೊಡೆ ಚಿವುಟಿಕೊಂಡೆ.

ಕೊನೆಗೆ ಕೈದಿ ತಾರಸಿ ಹತ್ತಿದ. ಅಲ್ಲಿದ್ದ ಬಕೆಟ್ಟಿನ ನೀರನ್ನು ಪೈಪಿಗೆ ಸುರಿದ. ಜೈಲರ್ ಹಿತ್ತಲಿಗೆ ಓಡಿದಳು, ಕೈದಿ ಗೇಟು ದಾಟಿದ. "ಗೆದ್ದೆ!" ಎಂದು ಓನರಮ್ಮ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಧಾನವಾಯಿತು. ಪರದೆಯ ಮೇಲೆ ಜೈಲರ್ ಇನ್ನೂ ಮೋಟರ್ ಸ್ವಿಚ್ಚಿನ ಮುಂದೆ ನಿಂತಿದ್ದಳು. ಓನರಮ್ಮ ಅವಳ ಟವೆಲ್ ನೋಡಿ ತಮ್ಮ ಟವೆಲ್ ಸರಿಮಾಡಿಕೊಂಡರು.

"ನಾಳೆ ಸಂಜೆ ಇಬ್ರೂ ಗೇಟ್ ಅತ್ರ ಬನ್ನಿ" ಎಂದರು, ಅಷ್ಟೇ.

ನಾನು ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟತೊಡಗಿದೆ. ಈ ಮನುಷ್ಯನನ್ನು ಕಟ್ಟಿಕೊಂಡದ್ದಕ್ಕೆ ಎರಡು ಮಾತು ಆಡಿಯೂ ಆಯಿತು.

ಮರುದಿನ ಸಂಜೆ ಮೋಟರ್ ಓಡುತ್ತಿರುವಾಗಲೇ ಕಟ್ಟೆಯ ಮುಂದೆ ತಲೆ ತಗ್ಗಿಸಿ ನಿಂತೆವು. "ಅಲ್ಲಾ ಕಣ್ರೀ, ಮನೆ ಕೊಟ್ಟೋಳ್ಗೇ..." ಎಂದು ಅವರು ಶುರುಮಾಡುವಷ್ಟರಲ್ಲಿ ಹಿತ್ತಲಲ್ಲಿ ನೀರು ಧೋ ಎಂದು ಸುರಿಯಿತು. ಓನರಮ್ಮ ಅಲುಗಲಿಲ್ಲ.

"ಉಯ್ರಿ, ಇನ್ನೂ ಉಯ್ರಿ. ಇನ್ಮೇಲೆ ನಾನ್ ಎದ್ದೋಗಾಕಿಲ್ಲ" ಎಂದು ಕಾಲ ಮೇಲೆ ಕಾಲು ಹಾಕಿದರು.

ನೀರು ನಿಲ್ಲಲಿಲ್ಲ. ಅವರು ನನ್ನನ್ನು ನೋಡಿದರು. ಇವರನ್ನು ನೋಡಿದರು. ಇಬ್ಬರೂ ಎದುರಿಗೇ ನಿಂತಿದ್ದೇವೆ, ತಾರಸಿಯ ಮೇಲೆ ಯಾರೂ ಇಲ್ಲ.

"ಅಯ್ಯೋ, ನನ್ ಸಂಪು!"

ಟವೆಲ್ ಕಟ್ಟೆಯ ಮೇಲೇ ಬಿತ್ತು. ಮೋಟರ್ ಸದ್ದು ನಿಂತಿತು, ಹಿಂದೆಯೇ ಹಿತ್ತಲಿನಿಂದ ದೊಡ್ಡ ನಗು ಕೇಳಿಸಿತು. ನನಗೆ ಹೋದ ಜೀವ ಬಂದಂತಾಯಿತು.

"ಓಡೂಣೇನು?" ಇವರು ಪಿಸುಗುಟ್ಟಿದರು.

"ಓಡ್ಬೇಡಿ, ನಿಂತ್ಕೊಳ್ಳಿ!" ಓನರಮ್ಮ ಹಿತ್ತಲಿಂದಲೇ ಕೂಗಿದರು. "ಸೀರೆ ಉಟ್ಕೊಂಡ್ ನಾನೂ ಬರ್ತೀನಿ."

ಮೂವರೂ ಗೇಟು ದಾಟುವಾಗ ಒಳಗಿನಿಂದ ಯಜಮಾನರ ದನಿ ಬಂತು: "ಎಲ್ಲಿಗ್ ಒಂಟೆ? ಯಾವಾಗ್ ಬರ್ತೀಯ?"

ಓನರಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ತಿರುಗ್ ನೋಡ್ಬೇಡ, ನಡಿಯಮ್ಮ" ಎಂದರು.